ತಲೆಸುತ್ತಿನ ಜೊತೆಗೇ ಬಾಳಿದ ಗಲಿವರನ ಕಥೆಗಾರ

ಅಂಗೈಯುದ್ದದ ಲಿಲಿಪುಟ್ ಜನರ ಕೈಗೆ ಸಿಕ್ಕಿಬಿದ್ದ ಗಲಿವರನ ಕಥೆ ಯಾರಿಗೆ ಗೊತ್ತಿಲ್ಲ? ಕನ್ನಡ ಶಾಲೆಯಲ್ಲಿ ಕಲಿತವರಿಗೂ ಗೊತ್ತು, ಮಲಯಾಳಂ, ತಮಿಳು, ಮರಾಠಿ, ತೆಲುಗಿನಲ್ಲಿ ಕಲಿತ ನಮ್ಮ ಗಡಿನಾಡಿನ ಮಕ್ಕಳಿಗೂ ಗೊತ್ತು. ಆದರೆ ಆ ಕಥೆ ಬರೆದ ಜೊನಾಥನ್ ಸ್ವಿಫ್ಟ್ ಐವತ್ತಕ್ಕೂ ಹೆಚ್ಚು ವರ್ಷ ತಲೆಸುತ್ತು ಮತ್ತು ಕಿವುಡುತನದ ಜೊತೆ ಹೆಣಗಾಡಿದ ಸಂಗತಿ ಹೆಚ್ಚಿನವರಿಗೆ ತಿಳಿದಿಲ್ಲ. ಅದಕ್ಕಿಂತ ಬೇಸರದ ವಿಷಯವೆಂದರೆ, ಸತ್ತು ನೂರು ವರ್ಷ ಕಳೆದರೂ ಜನ ಅವನನ್ನು ಹುಚ್ಚನೆಂದೇ ಹೇಳುತ್ತಿದ್ದರು.

ಸ್ವಿಫ್ಟ್ ಹುಟ್ಟಿದ್ದು 1667ರ ನವೆಂಬರ್ 30ರಂದು, ಐರ್ಲೆಂಡಿನ ಡಬ್ಲಿನ್ ನಗರದಲ್ಲಿ. ಹುಟ್ಟುವ ಮೊದಲೇ ತಂದೆ ತೀರಿಕೊಂಡಿದ್ದರು. ಬಂಧುಗಳ ಆಸರೆಯಲ್ಲಿ ಓದಿ, ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ಪದವಿ ಪಡೆದ. 1689ರಲ್ಲಿ ಇಂಗ್ಲೆಂಡಿಗೆ ಹೋಗಿ ಸರ್ ವಿಲಿಯಂ ಟೆಂಪಲ್ ಎಂಬ ಹಿರಿಯ ರಾಜಕಾರಣಿಯ ಬಳಿ ಕಾರ್ಯದರ್ಶಿಯಾಗಿ ಸೇರಿದ.

ಮೊದಲ ಸಲ ತಲೆ ಸುತ್ತಿದ್ದು ಆ ದಿನಗಳಲ್ಲೇ, ವಯಸ್ಸು ಇಪ್ಪತ್ತು ದಾಟಿದ ಹೊತ್ತಿಗೆ. ಒಮ್ಮೆಗೇ ಸೇಬು ಹಣ್ಣುಗಳನ್ನು ವಿಪರೀತ ತಿಂದದ್ದೇ ಇದಕ್ಕೆ ಕಾರಣ ಎಂದು ಅವನು ನಂಬಿದ. ನಮ್ಮಲ್ಲಿ ತಲೆ ಸುತ್ತಿದರೆ ಪಿತ್ತ ಏರಿದೆ ಅನ್ನುವುದಿಲ್ಲವೇ, ಹಾಗೆ! ಅಂದಿನಿಂದ ಹಣ್ಣು ಕಂಡರೆ ಹೆದರುತ್ತಿದ್ದ. ಕೆಲವು ವರ್ಷಗಳ ನಂತರ ಕಿವಿಯೂ ಮಂದವಾಯಿತು. ಎರಡೂ ಬರುವುದು, ಹೋಗುವುದು, ಕೆಲವೊಮ್ಮೆ ಒಟ್ಟಿಗೇ ಬರುವುದು. ತಿಂಗಳುಗಟ್ಟಲೆ ಚೆನ್ನಾಗಿರುತ್ತಿದ್ದ, ಇದ್ದಕ್ಕಿದ್ದಂತೆ ಒಂದು ದಿನ ಭೂಮಿಯೇ ತಿರುಗಿದಂತಾಗಿ ಮಂಚ ಹಿಡಿಯುತ್ತಿದ್ದ.

ಆಗ ಈ ಕಾಯಿಲೆಗೆ ಹೆಸರೇ ಇರಲಿಲ್ಲ. ವೈದ್ಯರು ಕೊಟ್ಟ ಗುಳಿಗೆ ನುಂಗಿದ. ನಶ್ಯ ಬಿಟ್ಟು ನೋಡಿದ. ವೈನಿಗೆ ನೀರು ಬೆರೆಸಿ ಕುಡಿದ. ಯಾವಾಗ ತಲೆ ಸುತ್ತಿತು ಎಂಬುದನ್ನು ತನ್ನ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟ. ಎಲ್ಲಕ್ಕಿಂತ ಹೆಚ್ಚಾಗಿ ನಡಿಗೆಯನ್ನು ನಂಬಿದ. ದಿನಾ ಮೈಲಿಗಟ್ಟಲೆ ನಡೆಯುತ್ತಿದ್ದ, ಕುದುರೆ ಸವಾರಿ ಮಾಡುತ್ತಿದ್ದ, ಮಳೆ ಬಂದರೆ ಮನೆಯ ಮೆಟ್ಟಿಲುಗಳನ್ನೇ ಹತ್ತಿ ಇಳಿಯುತ್ತಿದ್ದ.

1713ರಲ್ಲಿ ಡಬ್ಲಿನ್ನಿನ ಸಂತ ಪ್ಯಾಟ್ರಿಕ್ ಚರ್ಚಿನ ಡೀನ್, ಅಂದರೆ ಮುಖ್ಯ ಪಾದ್ರಿಯಾದ. ದೊಡ್ಡ ಕೆಲಸಗಳಲ್ಲಿ ಹಲವನ್ನು ಮಾಡಿದ್ದು ಅದರ ನಂತರವೇ. ವಿಲಿಯಂ ವುಡ್ ಎಂಬ ಇಂಗ್ಲೆಂಡಿನ ವ್ಯಾಪಾರಿಗೆ ಐರ್ಲೆಂಡಿಗಾಗಿ ತಾಮ್ರದ ನಾಣ್ಯ ಮಾಡುವ ಪರವಾನಗಿ ಸಿಕ್ಕಿತ್ತು. ಇದರಿಂದ ಬಡವರು ಹಾಳಾಗುತ್ತಾರೆಂದು 1724ರಲ್ಲಿ ಸ್ವಿಫ್ಟ್ ಒಬ್ಬ ಜವಳಿ ವ್ಯಾಪಾರಿಯ ಹೆಸರಿನಲ್ಲಿ ಕರಪತ್ರಗಳನ್ನು ಬರೆದ. ಬರೆದವನನ್ನು ಹಿಡಿದುಕೊಟ್ಟರೆ 300 ಪೌಂಡ್ ಬಹುಮಾನ ಎಂದು ಸರಕಾರ ಸಾರಿತು. ಯಾರು ಬರೆದದ್ದೆಂದು ಊರಿಗೇ ಗೊತ್ತಿತ್ತು, ಆದರೆ ಒಬ್ಬನೂ ಬಾಯಿಬಿಡಲಿಲ್ಲ! 1725ರಲ್ಲಿ ಆ ಪರವಾನಗಿ ರದ್ದಾಯಿತು. ಮರುವರ್ಷ ಗಲಿವರನ ಪ್ರವಾಸದ ಪುಸ್ತಕ ಹೊರಬಂತು. ಕೈಕಸುಬಿನ ಬಡವರಿಗೆ ಬಡ್ಡಿಯಿಲ್ಲದೆ ಸಣ್ಣ ಸಾಲ ಕೊಟ್ಟು, ಕಂತಿನಲ್ಲಿ ತೀರಿಸಲು ಬಿಡುತ್ತಿದ್ದವನೂ ಇವನೇ.

1727 ಅವನ ಪಾಲಿಗೆ ಕೆಟ್ಟ ವರ್ಷ. ಇಂಗ್ಲೆಂಡಿನಲ್ಲಿ ಕವಿ ಅಲೆಕ್ಸಾಂಡರ್ ಪೋಪ್‌ನ ಮನೆಯಲ್ಲಿದ್ದಾಗ ತಲೆಸುತ್ತೂ ಕಿವುಡೂ ಒಟ್ಟಿಗೇ ಹಿಡಿದವು. ಪೋಪ್ ಸ್ವತಃ ರೋಗಿಷ್ಠ. ಗೆಳೆಯನಿಗೆ ಹೊರೆಯಾಗಬಾರದೆಂದು ಸ್ವಿಫ್ಟ್ ಆ ಮನೆ ಬಿಟ್ಟು ಲಂಡನ್ನಿನಲ್ಲಿದ್ದ ಬಂಧುವಿನ ಬಳಿಗೆ ಹೋದ. ಅದೇ ಹೊತ್ತಿಗೆ ಡಬ್ಲಿನ್ನಿನಲ್ಲಿ ಅವನ ಜೀವದ ಗೆಳತಿ ಎಸ್ತರ್ ಜಾನ್ಸನ್, ಅವನು ಸ್ಟೆಲ್ಲಾ ಎಂದು ಕರೆಯುತ್ತಿದ್ದವಳು, ಸಾವಿನ ಹಾಸಿಗೆಯಲ್ಲಿದ್ದಳು. ಊರಿಗೆ ಹೊರಟವನು ಗಾಳಿ ಅನುಕೂಲವಾಗದೆ ಹೋಲಿಹೆಡ್ ಬಂದರಿನಲ್ಲಿ ದಿನಗಟ್ಟಲೆ ಕಾಯಬೇಕಾಯಿತು. 1728ರ ಜನವರಿ 28ರಂದು ಸ್ಟೆಲ್ಲಾ ತೀರಿಕೊಂಡಳು. ಕಾಯಿಲೆಯಿಂದಾಗಿ ಅವಳ ಅಂತ್ಯಕ್ರಿಯೆಗೂ ಹೋಗಲಾಗಲಿಲ್ಲ.

ಮುಂದೆ ಕಿವಿ ಇನ್ನಷ್ಟು ಮಂದವಾಯಿತು. ಮಾತು ಕೇಳಿಸದವನಿಗೆ ಗೆಳೆಯರ ಊಟದ ಮನೆಯೂ ಶಿಕ್ಷೆಯೇ. ಹೊರಗೆ ಹೋಗುವುದನ್ನು ಕಡಿಮೆ ಮಾಡಿದ. ಮುಪ್ಪಿನಲ್ಲಿ ನೆನಪೂ ಮಾತೂ ಕೈಕೊಟ್ಟವು. 1742ರಲ್ಲಿ ಅವನ ಬುದ್ಧಿ ಸ್ಥಿಮಿತದಲ್ಲಿಲ್ಲವೆಂದು ಕಾನೂನಿನ ಪ್ರಕಾರ ತೀರ್ಮಾನವಾಗಿ, ಪೋಷಕರನ್ನು ನೇಮಿಸಲಾಯಿತು. 1745ರ ಅಕ್ಟೋಬರ್ 19ರಂದು ಸ್ವಿಫ್ಟ್ ಕಣ್ಮುಚ್ಚಿದ. ಆಸ್ತಿಯ ಬಹುಪಾಲನ್ನು ಮಾನಸಿಕ ರೋಗಿಗಳ ಆಸ್ಪತ್ರೆಗೆ ಬರೆದಿಟ್ಟಿದ್ದ. 1757ರಲ್ಲಿ ಬಾಗಿಲು ತೆರೆದ ಆ ಆಸ್ಪತ್ರೆ ಡಬ್ಲಿನ್ನಿನಲ್ಲಿ ಇಂದಿಗೂ ನಡೆಯುತ್ತಿದೆ.

ಆದರೆ ಹುಚ್ಚನೆಂಬ ಹೆಸರು ಅವನಿಗೇ ಉಳಿಯಿತು. ಯೌವನದ ತಲೆಸುತ್ತೂ ಹುಚ್ಚಿನ ಮುನ್ಸೂಚನೆಯೇ ಎಂದು ಜನ ಆಡಿಕೊಂಡರು. 1849ರಲ್ಲಿ ಡಬ್ಲಿನ್ನಿನ ಕಣ್ಣು-ಕಿವಿಯ ವೈದ್ಯ ವಿಲಿಯಂ ವೈಲ್ಡ್, ಸಾಹಿತಿ ಆಸ್ಕರ್ ವೈಲ್ಡ್‌ನ ತಂದೆ, ಸ್ವಿಫ್ಟ್‌ನ ಕೊನೆಯ ವರ್ಷಗಳ ಬಗ್ಗೆ ಪುಸ್ತಕವನ್ನೇ ಬರೆದು ಈ ಮಾತನ್ನು ಅಲ್ಲಗಳೆದ. 1861ರಲ್ಲಿ ಪ್ಯಾರಿಸ್ಸಿನ ವೈದ್ಯ ಪ್ರಾಸ್ಪರ್ ಮೆನಿಯರ್, ಇಂಥ ತಲೆಸುತ್ತಿನ ಮೂಲ ಮಿದುಳಲ್ಲ, ಒಳಕಿವಿ ಎಂದು ತೋರಿಸಿದ. 1880ರ ದಶಕದಲ್ಲಿ ಜಾನ್ ಬಕ್ನಿಲ್ ಎಂಬ ಇಂಗ್ಲಿಷ್ ವೈದ್ಯ ಸ್ವಿಫ್ಟ್‌ನನ್ನು ಕಾಡಿದ್ದು ಈ ಮೆನಿಯರ್ ಕಾಯಿಲೆಯೇ ಎಂದು ಬರೆದ. ಇಂದು ಹೆಚ್ಚಿನವರು ಒಪ್ಪುವುದೂ ಇದನ್ನೇ.

ನಮ್ಮ ದೇಹದ ಸಮತೋಲ ಕಾಯುವ ಅಂಗ ಒಳಕಿವಿಯಲ್ಲೇ ಇದೆ. ಅಲ್ಲಿನ ದ್ರವ ಹೆಚ್ಚಾದಾಗ ಮೆನಿಯರ್ ಕಾಯಿಲೆಯಲ್ಲಿ ಸುತ್ತು, ವಾಂತಿ, ಕಿವಿಯಲ್ಲಿ ಗುಂಯ್‌ಗುಟ್ಟುವಿಕೆ, ಕಿವಿ ಕಟ್ಟಿದಂತಾಗುವುದು, ಕೇಳಿಸದಿರುವುದು ಕಾಣಿಸುತ್ತವೆ. ಪೂರ್ತಿ ವಾಸಿಯಾಗುವ ಮದ್ದಿಲ್ಲದಿದ್ದರೂ ಹತೋಟಿಗೆ ದಾರಿಗಳಿವೆ. ಉಪ್ಪು ಕಡಿಮೆ ಮಾಡಲು ವೈದ್ಯರು ಹೇಳುತ್ತಾರೆ, ಔಷಧಿ ಕೊಡುತ್ತಾರೆ, ಸಮತೋಲದ ವ್ಯಾಯಾಮ ಕಲಿಸುತ್ತಾರೆ. ಸುತ್ತು ಬಂದಾಗ ತಕ್ಷಣ ಕುಳಿತುಕೊಳ್ಳಿ ಅಥವಾ ಮಲಗಿ. ಅಂಥವರು ಮರ, ಏಣಿ ಹತ್ತುವುದು, ಬಾವಿಕಟ್ಟೆಗೆ ಬಗ್ಗುವುದು, ಬೈಕ್ ಓಡಿಸುವುದು ಬೇಡ. ಸುತ್ತಿನ ಜೊತೆ ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಕೈಕಾಲು ಸೋತರೆ ಅದು ಪಾರ್ಶ್ವವಾಯು ಇರಬಹುದು. ಒಡನೆ ಆಸ್ಪತ್ರೆಗೆ ಕರೆದೊಯ್ಯಬೇಕು.

ನಮ್ಮ ಊರುಗಳಲ್ಲೂ ತೂರಾಡುತ್ತಾ ನಡೆಯುವವರನ್ನು ಕಂಡರೆ ಕುಡಿದಿದ್ದಾನೆ, ಗಾಳಿ ಸೋಕಿದೆ, ತಲೆ ಕೆಟ್ಟಿದೆ ಅನ್ನುವವರಿದ್ದಾರೆ. ಹಾಗೆ ಹೇಳುವ ಮೊದಲು ಅವರನ್ನು ಕಿವಿ-ಮೂಗು-ಗಂಟಲಿನ ವೈದ್ಯರ ಬಳಿ ಕರೆದೊಯ್ಯೋಣ. ಗಲಿವರನ ಕಥೆಗಾರನಿಗೆ ಸಿಗದ ಈ ಅನುಕೂಲ ಇಂದು ನಮಗಿದೆ.