ಹುಬ್ಬಳ್ಳಿಗೆ ಸೂಜಿ ಬಂತು, ಹಾಫ್‌ಕಿನ್‌ಗೆ ಕಳಂಕ ಬಂತು

ಇಲಿ ಸತ್ತು ಬಿದ್ದರೆ ಮನೆ ಖಾಲಿ ಮಾಡು ಅನ್ನುತ್ತಿದ್ದ ಕಾಲ. 1898ರಲ್ಲಿ ಪ್ಲೇಗು ನಮ್ಮ ಹುಬ್ಬಳ್ಳಿಗೆ ಬಂದು ಠಾಣೆ ಹೂಡಿತ್ತು. ಐವತ್ತು ಸಾವಿರದ ಆಸುಪಾಸು ಜನ ಇದ್ದ ಊರು. ಕಂಕುಳಲ್ಲಿ, ತೊಡೆಸಂದಿಯಲ್ಲಿ ಗಡ್ಡೆ ಎದ್ದಿತೋ, ಬಹಳ ಮಂದಿಯ ಕಥೆ ಅಲ್ಲಿಗೇ ಮುಗೀತು.

ಆಗ ಲ್ಯೂಮನ್ ಎಂಬ ಸರಕಾರಿ ಡಾಕ್ಟರು ಊರಲ್ಲಿ ಸೂಜಿ ಹಿಡಿದು ನಿಂತ. ಜನ ಮೊದಮೊದಲು ಹೆದರಿದರು. ಚುಚ್ಚಿಸಿಕೊಂಡರೆ ತೋಳು ಬಾಯುತ್ತಿತ್ತು, ಜ್ವರ ಬರುತ್ತಿತ್ತು. ಆದರೂ ದಿನ ಕಳೆದಂತೆ ಸಾಲು ಬೆಳೆಯಿತು. ಹತ್ತಾರು ಸಾವಿರ ಜನ ಚುಚ್ಚಿಸಿಕೊಂಡರು. ಲ್ಯೂಮನ್ ವಾರವಾರ ಎರಡು ಪಟ್ಟಿ ಬರೆದಿಟ್ಟ. ಸೂಜಿ ಮಾಡಿಸಿಕೊಂಡವರಲ್ಲಿ ಸತ್ತವರೆಷ್ಟು, ಮಾಡಿಸಿಕೊಳ್ಳದವರಲ್ಲಿ ಸತ್ತವರೆಷ್ಟು? ಎರಡನೇ ಪಟ್ಟಿಯಲ್ಲೇ ಸಾವು ಜಾಸ್ತಿ.

ಆ ಔಷಧಿ ಮಾಡಿದವನು, ಹಾಗೆ ಎರಡು ಪಟ್ಟಿ ಇಟ್ಟು ತೂಗುವ ರೀತಿಗೆ ಹಾದಿ ಹಾಕಿದವನು ವಾಲ್ಡೆಮಾರ್ ಹಾಫ್‌ಕಿನ್. ಈ ಮನುಷ್ಯನ ಕಥೆ ಹುಬ್ಬಳ್ಳಿ ಮಂದಿಗೆ ಗೊತ್ತಿರಬೇಕು.

ಹುಟ್ಟಿದ್ದು 1860ರಲ್ಲಿ, ಆಗಿನ ರಷ್ಯಾ ಸಾಮ್ರಾಜ್ಯದ ಒಡೆಸ್ಸಾದಲ್ಲಿ. ಯಹೂದಿ ಮನೆತನ. ಓದಿನಲ್ಲಿ ಚುರುಕು. ಆದರೆ ಧರ್ಮ ಬದಲಿಸಿದರೆ ಮಾತ್ರ ದೊಡ್ಡ ಹುದ್ದೆ ಅಂದಾಗ ಈತ ಒಲ್ಲೆ ಅಂದ. 1888ರಲ್ಲಿ ದೇಶ ಬಿಟ್ಟು ಜಿನೀವಾಕ್ಕೆ ಹೋದ. ಅಲ್ಲಿಂದ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಗೆ. ಅಲ್ಲಿ ಸಿಕ್ಕಿದ ಕೆಲಸ ಏನು? ಲೈಬ್ರರಿಯ ಸಹಾಯಕನದು. ಬಿಡುವಿನಲ್ಲಿ ಲ್ಯಾಬಿನಲ್ಲಿ ಕೂತು ಕಾಲರಾಕ್ಕೆ ಲಸಿಕೆ ಮಾಡಿದ. 1892ರ ಜುಲೈಯಲ್ಲಿ ಮೊದಲು ತನ್ನ ಮೈಗೇ ಚುಚ್ಚಿಕೊಂಡು ನೋಡಿದ.

ಮಾರನೇ ವರ್ಷ ಭಾರತಕ್ಕೆ ಬಂದ. 1894ರಲ್ಲಿ ಕಲಕತ್ತೆಯ ಒಂದು ಬಸ್ತಿಯಲ್ಲಿ ಕಾಲರಾ ಬಿತ್ತು. ಅಲ್ಲಿದ್ದ ಸುಮಾರು 200 ಜನರಲ್ಲಿ 116 ಮಂದಿಗೆ ಲಸಿಕೆ ಹಾಕಿದ. ಒಂದೇ ಬಸ್ತಿ, ಕುಡಿಯುವುದು ಒಂದೇ ನೀರು. ಆಮೇಲೆ ಕಾಯಿಲೆ ಬಿದ್ದವರೆಲ್ಲ ಉಳಿದ 84 ಮಂದಿಯ ಪೈಕಿಯವರು. ಔಷಧಿ ಕೊಟ್ಟವರು ಬದುಕಿದರು ಅಂತ ಹೇಳೋದು ಸುಲಭ, ಅದನ್ನು ಯಾವ ನಾಟಿ ವೈದ್ಯನೂ ಹೇಳ್ತಾನೆ. ಕೊಡದವರ ಗತಿ ಏನಾಯ್ತು ಅಂತಲೂ ಬರೆದಿಟ್ಟಾಗಲೇ ಅದು ಲೆಕ್ಕ.

1896ರಲ್ಲಿ ಮುಂಬಯಿಗೆ ಪ್ಲೇಗು ಬಂತು. ಗ್ರಾಂಟ್ ಮೆಡಿಕಲ್ ಕಾಲೇಜಿನ ಸಣ್ಣ ಜಾಗದಲ್ಲಿ ಹಾಫ್‌ಕಿನ್ ಕೆಲಸಕ್ಕೆ ಕೂತ. ಮಾಂಸದ ಸಾರಿನ ಮೇಲೆ ತುಪ್ಪದ ಹನಿ ತೇಲಿಸಿ ಅದರಡಿಯಲ್ಲಿ ಪ್ಲೇಗಿನ ಕ್ರಿಮಿ ಬೆಳೆಸಿದ, ಆಮೇಲೆ ಬಿಸಿ ಮಾಡಿ ಕ್ರಿಮಿಯನ್ನು ಸಾಯಿಸಿದ. ಸತ್ತ ಕ್ರಿಮಿಯೇ ಔಷಧಿ! 1897ರ ಜನವರಿ 10ರಂದು ಮತ್ತೆ ತನ್ನ ಮೈಗೇ ಮೊದಲ ಸೂಜಿ. ಅದೇ ತಿಂಗಳು ಭಾಯಖಳಾ ಜೈಲಿಗೆ ಪ್ಲೇಗು ನುಗ್ಗಿದಾಗ ಅರ್ಧದಷ್ಟು ಕೈದಿಗಳು ಮನಸಾರೆ ಮುಂದೆ ಬಂದು ಚುಚ್ಚಿಸಿಕೊಂಡರು. ಚುಚ್ಚಿಸಿಕೊಳ್ಳದವರಲ್ಲಿ 12 ಮಂದಿಗೆ ರೋಗ, 6 ಸಾವು. ಚುಚ್ಚಿಸಿಕೊಂಡವರಲ್ಲಿ ಇಬ್ಬರಿಗೆ ರೋಗ, ಸಾವಿಲ್ಲ. ಮರುವರ್ಷ ಹುಬ್ಬಳ್ಳಿಗೆ ಬಂದದ್ದು ಇದೇ ಔಷಧಿ.

ಇಷ್ಟೆಲ್ಲ ಆದ ಮೇಲೆ ಹಾರ ತುರಾಯಿ ಬೀಳಬೇಕಿತ್ತು. ಬಿದ್ದದ್ದೇ ಬೇರೆ.

1902ರ ಅಕ್ಟೋಬರ್ 30. ಈಗ ಪಾಕಿಸ್ತಾನದಲ್ಲಿರುವ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿ. ಅಂದು 107 ಜನಕ್ಕೆ ಸೂಜಿ ಹಾಕಿದರು. ಅದರಲ್ಲಿ ಒಂದೇ ಬಾಟಲಿಯಿಂದ ಹಾಕಿಸಿಕೊಂಡ 19 ಮಂದಿ ಧನುರ್ವಾಯು ಬಡಿದು ಸತ್ತರು. ಉಳಿದ ಬಾಟಲಿಗಳವರಿಗೆ ಏನೂ ಆಗಲಿಲ್ಲ. ಬಡವರ ಮನೆಯ 19 ಹೆಣ, ಸಣ್ಣ ಮಾತಲ್ಲ. ಯಾರಾದರೂ ಉತ್ತರ ಹೇಳಲೇಬೇಕಿತ್ತು. ವಿಚಾರಣೆ ಮಾಡಿದವರು ಬಾಟಲಿ ಕೆಟ್ಟದ್ದು ಮುಂಬಯಿಯ ಲ್ಯಾಬಿನಲ್ಲೇ ಅಂದರು. ಹಾಫ್‌ಕಿನ್ ಕಾರ್ಬಾಲಿಕ್ ಆಸಿಡ್ ಬಿಟ್ಟು ಬರೀ ಕಾವನ್ನೇ ನಂಬಿದ್ದ ಅನ್ನೋದು ಆರೋಪ. ಹುದ್ದೆ ಹೋಯಿತು, ಆತ ದೇಶ ಬಿಟ್ಟ.

ಹಳ್ಳಿಯಲ್ಲಿ ಬೂಚು ತೆಗೆಯುವಾಗ ಸಹಾಯಕನ ಕೈಯಿಂದ ಇಕ್ಕಳ ನೆಲಕ್ಕೆ ಬಿದ್ದಿತ್ತು, ಸರಿಯಾಗಿ ಶುದ್ಧ ಮಾಡದೆ ಅದರಲ್ಲೇ ಬಾಟಲಿ ತೆರೆದಿದ್ದ. ಧನುರ್ವಾಯುವಿನ ಕ್ರಿಮಿ ಇರೋದೇ ಮಣ್ಣಿನಲ್ಲಿ. ಈ ಮಾತು ದಾಖಲೆಯಲ್ಲೇ ಇತ್ತು, ಯಾರೂ ಎತ್ತಿ ಹಿಡಿಯಲಿಲ್ಲ. ಕಡೆಗೆ ಮಲೇರಿಯಾದ ಗುಟ್ಟು ಬಿಡಿಸಿದ ರೊನಾಲ್ಡ್ ರಾಸ್ ಮುಂದಾಗಿ, ಹತ್ತು ಮಂದಿ ವಿಜ್ಞಾನಿಗಳು 1907ರ ಜುಲೈಯಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಬರೆದರು. ಆ ವರ್ಷವೇ ಹಾಫ್‌ಕಿನ್ ನಿರ್ದೋಷಿ ಅಂತಾಯಿತು. ಕಳಂಕ ತೊಳೆಯಲು ಐದು ವರ್ಷ ಹಿಡಿಯಿತು.

ತಿರುಗಿ ಬಂದರೂ ಮುಂಬಯಿಯ ಹಳೇ ಕುರ್ಚಿ ಸಿಗಲಿಲ್ಲ. ಕಲಕತ್ತೆಯಲ್ಲಿ ಕೆಲಸ ಕೊಟ್ಟರು, ಆದರೆ ಹೊಸ ಲಸಿಕೆಯನ್ನು ಜನರ ಮೇಲೆ ಪರೀಕ್ಷಿಸಲು ಬಿಡಲಿಲ್ಲ. 1914ರಲ್ಲಿ ನಿವೃತ್ತಿ. 1925ರಲ್ಲಿ ಪರೇಲಿನ ಪ್ಲೇಗು ಲ್ಯಾಬಿಗೆ ಹಾಫ್‌ಕಿನ್ ಸಂಸ್ಥೆ ಅಂತ ಹೆಸರಿಟ್ಟರು, ಅದು ಈಗಲೂ ಇದೆ. 1930ರಲ್ಲಿ ಸ್ವಿಟ್ಜರ್ಲೆಂಡಿನ ಲೌಸಾನ್‌ನಲ್ಲಿ ಕಣ್ಣು ಮುಚ್ಚಿದ. ಮದುವೆ, ಮಕ್ಕಳು ಇರಲಿಲ್ಲ.

ಆದರೆ 1898ರಲ್ಲಿ ತೋಳು ಒಡ್ಡಿ ಉಳಿದುಕೊಂಡ ಹುಬ್ಬಳ್ಳಿಯವರಿಗೆ ಮಕ್ಕಳಾದರು, ಮೊಮ್ಮಕ್ಕಳಾದರು. ಅವರ ಪೈಕಿ ಯಾರಾದರೂ ಈ ಸಂಜೆ ಇದೇ ಪತ್ರಿಕೆ ಓದುತ್ತಿರಬಹುದು. ಎಲ್ಲೋ ಒಂದು ಕಡೆ ತಪ್ಪಾದ ಕೂಡಲೇ ಒಬ್ಬನ ಕೊರಳಿಗೆ ಉರುಲು ಹಾಕುವ ಮುಂಚೆ, ಆತನ ಎರಡೂ ಪಟ್ಟಿ ಒಮ್ಮೆ ತೆರೆದು ನೋಡೋದು ಒಳ್ಳೇದು.