ಪಿಡುಗನ್ನು ಮೊದಲು ಗುರುತಿಸಿದ ಡಾ. ವಿಯೇಗಸ್



ನಮ್ಮ ಮುತ್ತಜ್ಜ ಮುತ್ತಜ್ಜಿಯರ ಕಾಲದಲ್ಲಿ ಹುಬ್ಬಳ್ಳಿ ಧಾರವಾಡದ ಕಡೆ ಮನೆಯಲ್ಲಿ ಇಲಿ ಸತ್ತು ಬಿದ್ದರೆ ಸಾಕು, ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಪ್ಲೇಗಿನ ಭಯ ಅಂಥದು. ಆ ರೋಗ ಮುಂಬಯಿಗೆ ಬಂದಿದೆ ಎಂದು ಮೊದಲು ಗುರುತಿಸಿ ಹೇಳಿದವರು, ನಾವು ಬಾಳುತ್ತಿರುವ ಈ ಗೋವೆಯಲ್ಲೇ ಹುಟ್ಟಿದ ಡಾ. ಅಕಾಸಿಯೊ ಗಾಬ್ರಿಯೆಲ್ ವಿಯೇಗಸ್.

1856ರಲ್ಲಿ ಬಾರ್ದೇಶದ ಆರ್ಪೋರಾದಲ್ಲಿ ಜನಿಸಿದ ಇವರು ಮುಂಬಯಿಗೆ ಹೋಗಿ, ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಓದಿ ವೈದ್ಯರಾದರು. ಬಂದರಿನ ಬಳಿಯ ಮಾಂಡ್ವಿಯಲ್ಲಿ ರೋಗಿಗಳನ್ನು ನೋಡುತ್ತಿದ್ದರು. ಅದು ಧಾನ್ಯದ ಗೋದಾಮುಗಳು, ಇಕ್ಕಟ್ಟಾದ ಮನೆಗಳು ತುಂಬಿದ ಪ್ರದೇಶ. 1896ರ ಸೆಪ್ಟೆಂಬರಿನಲ್ಲಿ ಅಲ್ಲಿ ಒಬ್ಬೊಬ್ಬರಾಗಿ ಜನ ವಿಪರೀತ ಜ್ವರ, ತೊಡೆಸಂದಿಯ ಗಡ್ಡೆಯಿಂದ ಸಾಯತೊಡಗಿದರು. ರೋಗಿಗಳ ಮನೆಗೇ ಹೋಗಿ ಪರೀಕ್ಷಿಸಿದ ವಿಯೇಗಸ್, ಇದು ಪ್ಲೇಗು ಎಂದು ನಿರ್ಧರಿಸಿದರು.

ನಗರಸಭೆಯ ಸ್ಥಾಯಿ ಸಮಿತಿಯ ಸದಸ್ಯರೂ ಆಗಿದ್ದ ಅವರು ಅದನ್ನು ಸಭೆಯಲ್ಲೇ ತಿಳಿಸಿದರು. ಆ ಮಾತು ಯಾರಿಗೂ ಬೇಕಾಗಿರಲಿಲ್ಲ. ಪ್ಲೇಗೆಂಬ ಹೆಸರು ಹೊರಬಿದ್ದರೆ ಹೊರದೇಶದ ಬಂದರುಗಳು ಮುಂಬಯಿ ಹಡಗುಗಳನ್ನು ತಡೆಯುತ್ತವೆ, ವ್ಯಾಪಾರ ನಿಲ್ಲುತ್ತದೆ. ಬೇರೆ ತಜ್ಞರು ಪರೀಕ್ಷಿಸಿದಾಗ ಅವರ ಮಾತೇ ನಿಜವಾಯಿತು.

ಮುಂದೆ ಸರಕಾರದ ಕರೆಯ ಮೇರೆಗೆ ಬಂದ ವಿಜ್ಞಾನಿ ಹಾಫ್‌ಕಿನ್, ಅದೇ ಗ್ರಾಂಟ್ ಕಾಲೇಜಿನಲ್ಲಿ ಲಸಿಕೆ ಸಿದ್ಧಪಡಿಸಿ, 1897ರ ಜನವರಿಯಲ್ಲಿ ಮೊದಲು ತಾವೇ ಚುಚ್ಚಿಕೊಂಡರು. ವಿಯೇಗಸ್ ತಮ್ಮ ಕೈಯಾರೆ ಸುಮಾರು 18,000 ಜನರಿಗೆ ಲಸಿಕೆ ಹಾಕಿದರೆಂದು ಅವರ ಜೀವನ ಚರಿತ್ರೆ ಹೇಳುತ್ತದೆ.

ಆದರೆ ಸರಕಾರ ಹಿಡಿದ ದಾರಿ ಬಲವಂತದ್ದು. 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯ ಬಲದಿಂದ ಅಧಿಕಾರಿಗಳು ಮನೆಗಳಿಗೆ ನುಗ್ಗಿ ಶೋಧಿಸಿದರು, ರೋಗಿಗಳನ್ನು ಎಳೆದೊಯ್ದರು. ಹೆದರಿದ ಜನ ರೋಗಿಗಳನ್ನು ಬಚ್ಚಿಟ್ಟರು. ಲಕ್ಷಾಂತರ ಮಂದಿ ನಗರ ಬಿಟ್ಟು ಓಡಿದರು. ರೈಲು ಹೋದಲ್ಲೆಲ್ಲ ರೋಗವೂ ಹೋಯಿತು. 1898ರಲ್ಲಿ ಅದು ಹುಬ್ಬಳ್ಳಿಯ ಕಡೆಯಿಂದ ಬೆಂಗಳೂರನ್ನೂ ಮುಟ್ಟಿತು. ಮುಂದಿನ ದಶಕಗಳಲ್ಲಿ ಭಾರತದಲ್ಲಿ ಕೋಟಿಗೂ ಹೆಚ್ಚು ಜನ ಪ್ಲೇಗಿಗೆ ಬಲಿಯಾದರು.

ವಿಯೇಗಸ್ 1906ರಲ್ಲಿ ಮುಂಬಯಿ ನಗರಸಭೆಯ ಅಧ್ಯಕ್ಷರಾದರು. 1933ರಲ್ಲಿ ತೀರಿಕೊಂಡರು. ಧೋಬಿ ತಲಾವ್‌ನಲ್ಲಿ ಅವರ ಪ್ರತಿಮೆ ಇದೆ.

ಅವರ ಬಾಳಿನಿಂದ ನಾವು ಕಲಿಯಬೇಕಾದದ್ದು ಇದು: ರೋಗವನ್ನು ತಡೆಯಬೇಕಾದರೆ ಮೊದಲು ಅದು ಬಂದಿದೆ ಎಂದು ಹೇಳಬೇಕು. ವೈದ್ಯರು ಹೇಳಿದರೆ ಸಾಲದು, ನಾವೂ ಮುಚ್ಚಿಡಬಾರದು. ದಿನಗೂಲಿಯಿಂದ ಬದುಕುವ ನಮ್ಮವರಲ್ಲಿ ಎಷ್ಟೋ ಮಂದಿ, ಕೆಲಸ ತಪ್ಪೀತು, ಮನೆ ಮಾಲೀಕರು ಏನೆಂದಾರು, ಹೊರಗಿನವರೇ ರೋಗ ತಂದರೆಂದು ದೂರಿಯಾರು ಎಂಬ ಅಂಜಿಕೆಯಿಂದ ಜ್ವರವನ್ನು ಅಡಗಿಸಿಕೊಳ್ಳುತ್ತಾರೆ. ಆ ಅಂಜಿಕೆ ನಮಗೂ ಗೊತ್ತು. ಆದರೂ ಮಳೆಗಾಲದಲ್ಲಿ ಒಂದೇ ಓಣಿಯ ಎರಡು ಮೂರು ಮನೆಗಳಲ್ಲಿ ಜ್ವರ ಕಂಡರೆ ಕಾಯುವುದು ಬೇಡ. ಮಲೇರಿಯವೋ ಡೆಂಗಿಯೋ ರಕ್ತ ಪರೀಕ್ಷೆಯಿಂದ ತಿಳಿಯುತ್ತದೆ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸೋಣ. ಕೊಂಕಣಿ, ಮರಾಠಿ ಬಾರದವರಿಗೆ ಬಲ್ಲವರು ಜೊತೆಯಾಗಿ ಹೋಗೋಣ.