ಬರಿಗಾಲಿನ ನಿರ್ದೇಶಕ

ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುವ ಕಪಿಲೆಯ ದಡದಲ್ಲಿ, ಅದಕ್ಕೂ ಮೇಲೆ, ನಂಜನಗೂಡು ಇದೆ. ಜಿ.ವಿ. ಅಯ್ಯರ್ 1917ರಲ್ಲಿ ಜನಿಸಿದುದು ಈ ಊರಿನಲ್ಲಿ. ಎಂಟನೆಯ ವಯಸ್ಸಿಗೇ ಗುಬ್ಬಿ ವೀರಣ್ಣನವರ ನಾಟಕ ಕಂಪನಿಯನ್ನು ಸೇರಿದರು. ರಂಗದ ಮೇಲಾಗಲಿ, ಮುಂದೆ ಚಲನಚಿತ್ರಗಳಲ್ಲಾಗಲಿ, ಬಹುಪಾಲು ದೊರೆತವು ಸಣ್ಣ ಪಾತ್ರಗಳೇ. ಅವರು ಅಷ್ಟಕ್ಕೇ ನಿಲ್ಲದೆ ಸಂಭಾಷಣೆ, ಗೀತೆಗಳನ್ನು ಬರೆದರು. 1960ರಲ್ಲಿ ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ ಅವರೊಡಗೂಡಿ 'ರಣಧೀರ ಕಂಠೀರವ'ವನ್ನು ನಿರ್ಮಿಸಿದರು. 1962ರಲ್ಲಿ 'ಭೂದಾನ'ವನ್ನು ನಿರ್ದೇಶಿಸಿದರು.

ಬಹುಮಂದಿ ವಿಶ್ರಾಂತಿಯನ್ನು ಬಯಸುವ ಐವತ್ತೆಂಟರ ಪ್ರಾಯದಲ್ಲಿ, ಪರಿಚಿತ ಹಾದಿಯನ್ನು ತೊರೆದು, ಸಂಗೀತಗಾರನೊಬ್ಬನ ಬದುಕನ್ನು 'ಹಂಸಗೀತೆ'ಯಾಗಿಸಿದರು. ಮನೆಮಾತಲ್ಲದ ಸಂಸ್ಕೃತದಲ್ಲಿ ಚಿತ್ರ ತೆಗೆಯುವುದು ಅದಕ್ಕಿಂತ ದೊಡ್ಡ ಸಾಹಸ. 1983ರ 'ಆದಿ ಶಂಕರಾಚಾರ್ಯ' ಸಂಸ್ಕೃತದ ಮೊದಲ ಚಲನಚಿತ್ರ. ಅದು ರಾಷ್ಟ್ರದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲವನ್ನು ಪಡೆಯಿತು. ಬರಿಗಾಲಿನಲ್ಲೇ ನಡೆಯುತ್ತಿದ್ದ ಅಯ್ಯರ್ ಮುಂದೆ 'ಭಗವದ್ಗೀತೆ'ಯನ್ನೂ ಅದೇ ಭಾಷೆಯಲ್ಲಿ ತೆರೆಗೆ ತಂದು, 2003ರಲ್ಲಿ ಮುಂಬಯಿಯಲ್ಲಿ ನಿಧನರಾದರು.